ದಾಸೋಹದ ನಾಡಿನಿಂದ ಮೊದಲ ಮ್ಯಾರಥಾನ್

ಕೊಪ್ಪಳದಿಂದ ಗಂಗಾವತಿಗೆ ಬಸ್ಸಿನಲ್ಲಿ ಹೋಗಿಬಂದವರಿಗೆ ಮ್ಯಾರಥಾನ್ ಎಂದರೆ ಎಷ್ಟು ದೂರ ಎಂದು ಬೇರೆ ವಿವರಿಸಬೇಕಿಲ್ಲ. ಹೆಚ್ಚುಕಡಿಮೆ ಅಷ್ಟೇ. ಲೆಕ್ಕಕ್ಕೆ ಹೇಳುವುದಾದರೆ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಆ ಅಳತೆಯೇ 1921ರಲ್ಲಿ ಕಾಯಂ ಆಯಿತು. ಅಷ್ಟು ದೂರ ಎಂದೂ ಓಡದವರೊಬ್ಬರು ಪರಿಚಯದ ಮಂದಿಯ ಮುಂದೆ ನಿಂತು ‘ನಾನು ಓಡತೀನ್ರಿ, ನೀವು ದವಾಖಾನಿಗೆ ಕೈಲಾದಷ್ಟು ಕೊಡ್ರಿ’ ಎಂದು ಕೇಳುವ ಪದ್ಧತಿ ಲಂಡನ್‌, ಮುಂಬೈ, ಬೆಂಗಳೂರುಗಳಲ್ಲಿ ಈಗಾಗಲೇ ಬೇರೂರಿದೆ. ಅದು ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಗೂ ಬರಬೇಕು ಎಂಬುದು ನನ್ನ ಆಸೆ. ಬಂದರೆ ಇಲ್ಲಿ ಅದಕ್ಕೆ ಹದವಾದ ನೆಲ ಸಿದ್ಧವಿದೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ನೆನೆಯಿರಿ. ಬನದ ಹುಣ್ಣಿಮೆ ಮುಗಿದು ತೇರು ಎಳೆಯುವ ಹೊತ್ತಿಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಬಂದು ಬೀಳುತ್ತದೆ. ಅದರ ಲೆಕ್ಕ ಲಕ್ಷಗಳಲ್ಲಿ. ಯಾರ ಮನೆಯ ರೊಟ್ಟಿ ಯಾರ ಹೊಟ್ಟೆ ಸೇರಿತೆಂದು ಯಾರೂ ಕೇಳುವುದಿಲ್ಲ. ಜಾತ್ರೆಗೆ ಮುನ್ನ ಊರಲ್ಲಿ ಸಾವಿರಾರು ವಿದ್ಯಾರ್ಥಿಗಳು ಹೆಜ್ಜೆ ಹಾಕುವ ಜಾಥಾ ನಡೆಯುತ್ತದೆ; ಬೇರೆ ಬೇರೆ ವರ್ಷಗಳಲ್ಲಿ ಅದು ರಕ್ತದಾನಕ್ಕಾಗಿ, ಅಂಗಾಂಗ ದಾನಕ್ಕಾಗಿ, ನೀರಿನ ಉಳಿವಿಗಾಗಿ ನಡೆದಿದೆ. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆ ಊರೂರನ್ನು ಬಡಿಯುತ್ತಿದ್ದಾಗ, ಇದೇ ಗವಿಮಠ ತನ್ನ ವೃದ್ಧಾಶ್ರಮದ ಕಟ್ಟಡವನ್ನು 100 ಹಾಸಿಗೆಗಳ ಆಸ್ಪತ್ರೆಯಾಗಿ ಬಿಟ್ಟುಕೊಟ್ಟಿತು. ಕೊಡುವುದನ್ನು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಆಸ್ಪತ್ರೆಯ ಹೆಸರಿನಲ್ಲಿ ಮನೆಬಾಗಿಲಿಗೆ ಹೋಗಿ ಕೇಳುವ ಒಂದು ನೆಪ ಮಾತ್ರ ಬೇಕಾಗಿದೆ.

ಆಸ್ಪತ್ರೆಗೆ ಸರ್ಕಾರವಿದೆಯಲ್ಲ ಎನ್ನುವವರುಂಟು. ಇದೆ, ನಿಜ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಹುಟ್ಟಿದ ಜಿಲ್ಲೆಗೆ 2015ರಲ್ಲಿ ವೈದ್ಯಕೀಯ ಕಾಲೇಜು ಬಂತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೆ ದೊಡ್ಡ ಜಡ್ಡು ಬಂದಾಗ ಯಲಬುರ್ಗಾದ ರೈತ ಹೋಗುವುದು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ, ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಬಳ್ಳಾರಿಗೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿಗೆ. ಮಂಚದ ಮೇಲಿನವರಿಗೆ ಕಾರ್ಡ್ ಇರುತ್ತದೆ. ಪೇಷಂಟ್ ಕಡೆಯವರಿಗೆ ಏನಿರುತ್ತದೆ? ಅವರು ವರಾಂಡದಲ್ಲಿ ಚಾಪೆ ಹಾಸಿ ಮಲಗುತ್ತಾರೆ; ಊಟ, ಚಹಾ, ಹೊರಗಿನಿಂದ ತರಬೇಕಾದ ಔಷಧಿ, ಓಡಾಟದ ಚಾರ್ಜು, ತಪ್ಪಿಹೋದ ಕೂಲಿ ಎಲ್ಲ ಅವರ ತಲೆಯ ಮೇಲೆ. ಕಿಮೋ, ರೇಡಿಯೇಷನ್ ಅಂದರೆ ಒಂದು ಸಲದ ಪ್ರಯಾಣವಲ್ಲ. ಮೂರನೆಯದೋ ನಾಲ್ಕನೆಯದೋ ಸುತ್ತಿಗೆ ದುಡ್ಡು ಹೊಂದಿಸಲಾಗದೆ ಚಿಕಿತ್ಸೆಯನ್ನು ನಡುವೆಯೇ ಬಿಟ್ಟವರು ನಮ್ಮ ಊರುಗಳಲ್ಲಿದ್ದಾರೆ. ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ರೈಲು ಕುಷ್ಟಗಿಗೆ ಬಂತಲ್ಲ, ಅದರಿಂದ ಇಂಥವರಿಗೆ ದೊಡ್ಡ ಉಪಕಾರವಾಗಿದೆ. ರೈಲಿಳಿದ ಮೇಲಿನ ಖರ್ಚು ಮಾತ್ರ ಹಾಗೆಯೇ ಉಳಿದಿದೆ. ಓಟದಿಂದ ಬರುವ ಸಣ್ಣ ಹಣ ಸೇರಬೇಕಾದ ಜಾಗ ಇದೇ ಎಂದು ನನಗನ್ನಿಸುತ್ತದೆ. ಯಂತ್ರ ಕೊಳ್ಳುವ ಕೋಟಿಗಳನ್ನು ಸರ್ಕಾರ ತರಲಿ; ಒಂದು ಕುಟುಂಬ ಚಿಕಿತ್ಸೆ ಮುಗಿಯುವ ತನಕ ನಿಲ್ಲುವಂತೆ ಮಾಡಲು ಕೆಲವು ಸಾವಿರ ಸಾಕು.

ಮೊದಲ ಮ್ಯಾರಥಾನ್‌ಗೆ ವಯಸ್ಸಾಯಿತು ಎನ್ನುವವರಿಗೆ ಫೌಜಾ ಸಿಂಗ್ ಅವರ ಬದುಕನ್ನು ಹೇಳಬೇಕು. ಪಂಜಾಬಿನ ರೈತ; ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟಕ್ಕೆ ಬಿದ್ದವರು. 2000ದಲ್ಲಿ, 89ರ ವಯಸ್ಸಿನಲ್ಲಿ, ಅವರು ಮೊದಲ ಬಾರಿಗೆ ಲಂಡನ್ ಮ್ಯಾರಥಾನ್ ಓಡಿದರು. ಓಡಿದ್ದು ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗಾಗಿ ದುಡಿಯುವ ಬ್ಲಿಸ್ ಸಂಸ್ಥೆಯ ಸಹಾಯಾರ್ಥ. ಹುಟ್ಟಿ ಗಂಟೆಗಳಾದ ಕೂಸಿಗಾಗಿ ಮುತ್ತಜ್ಜನ ವಯಸ್ಸಿನವರು ಏಳು ಗಂಟೆಯ ಹತ್ತಿರ ಓಡಿದರು.

ಕನ್ನಡ ನೆಲಕ್ಕೂ ಈ ಓಟ ಹೊಸದಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಭಾರತದಿಂದ ಓಡಿದವರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು. ಅಂದಿನ ದಾರಿ ಇವತ್ತಿನದಕ್ಕಿಂತ ಉದ್ದ, 42.75 ಕಿ.ಮೀ.; ಅದನ್ನು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ 19ನೆಯವರಾದರು. ನಮ್ಮ ಶಾಲೆಗಳ ಗೋಡೆಯ ಮೇಲೆ ಈ ಹೆಸರು ಇರಬೇಕಿತ್ತು. ಇನ್ನು ಮ್ಯಾರಥಾನ್‌ಗೆ ಹೆಸರು ಕೊಟ್ಟ ಗ್ರೀಕ್ ಕಥೆಯಲ್ಲಿ ದೂತನೊಬ್ಬ ಗೆಲುವಿನ ಸುದ್ದಿ ಹೊತ್ತು ಓಡಿ ಪ್ರಾಣ ಬಿಡುತ್ತಾನೆ. ನಮಗೆ ಹತ್ತಿರದ ಕಥೆ ಗಂಗಾವತಿ ತಾಲ್ಲೂಕಿನಲ್ಲೇ ಇದೆ: ಅಂಜನಾದ್ರಿಯಲ್ಲಿ ಹುಟ್ಟಿದನೆಂದು ಜನ ನಂಬಿರುವ ಹನುಮ, ಬಿದ್ದವನ ಜೀವ ಉಳಿಸಲು ಔಷಧಿ ತರಲು ಹೋದವನು. ಆಸ್ಪತ್ರೆಗಾಗಿ ಓಡುವವರಿಗೆ ಇದಕ್ಕಿಂತ ಒಪ್ಪುವ ಕಥೆ ನನಗೆ ತೋಚುವುದಿಲ್ಲ. ಆ ಬೆಟ್ಟದ 575 ಮೆಟ್ಟಿಲುಗಳು ತೊಡೆಗೆ ಕಸುವು ತುಂಬಲು ಒಳ್ಳೆಯ ಅಭ್ಯಾಸವೂ ಹೌದು.

ನಮ್ಮ ಬಿಸಿಲಿಗೆ ಹೊಂದುವುದು ಜನವರಿಯ ಓಟ. ಮುಂಬೈ ಮ್ಯಾರಥಾನ್ 2004ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ. ಕ್ಯಾನ್ಸರ್ ರೋಗಿಗಳ ಸಹಾಯಕ್ಕೆ ನಿಂತ ಸಂಸ್ಥೆಗಳೂ ಸೇರಿ ಅನೇಕ ಸೇವಾಸಂಸ್ಥೆಗಳು ಅದರ ಮೂಲಕ ಹಣ ಕೂಡಿಸುತ್ತವೆ. ಐದಾರು ಕಿ.ಮೀ. ಸಲೀಸಾಗಿ ಓಡಬಲ್ಲವರಿಗೆ 18 ವಾರ ಬೇಕು. ಅಂದರೆ ಮಳೆಗಾಲದ ಕೊನೆಗೆ, ಸೆಪ್ಟೆಂಬರಿನಲ್ಲಿ ಶುರು. ವಾರಕ್ಕೆ ನಾಲ್ಕು ದಿನ ಓಟ, ಅದರಲ್ಲಿ ಭಾನುವಾರದ್ದು ಉದ್ದದ್ದು. ಪ್ರತಿ ವಾರ ಒಂದಿಷ್ಟೇ ಏರಿಸಬೇಕು, ಮೂರ್ನಾಲ್ಕು ವಾರಕ್ಕೊಮ್ಮೆ ಇಳಿಸಬೇಕು. ಗಂಗಾವತಿಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ದಾರಿಯಿದೆ. ಕುಷ್ಟಗಿಯವರು ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆ ಹಿಡಿಯಲಿ. ಕತ್ತಲಲ್ಲಿ ಲಾರಿಗಳ ಸಾಲಿನ ಪಕ್ಕ ಓಡುವುದು ಬೇಡ. ಯಲಬುರ್ಗಾದ ಎರೆ ದಾರಿ ಮಳೆ ಬಿದ್ದರೆ ಬೂಟಿಗೆ ಅಂಟುತ್ತದೆ, ಒಣಗಿದ ಮೇಲೆ ಮೊಣಕಾಲಿಗೆ ಡಾಂಬರಿಗಿಂತ ಹಿತ.

ಸುಮಾರು 30 ಕಿ.ಮೀ. ದಾಟುತ್ತಲೇ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಬರಿದಾಗುತ್ತ ಬರುತ್ತದೆ. ಕಾಲು ಭಾರವಾಗುತ್ತದೆ, ತಲೆ ಮಂಕಾಗುತ್ತದೆ. ಅದಕ್ಕೇ ಓಡುವಾಗಲೇ ತಿನ್ನುವುದನ್ನು ರೂಢಿಸಿಕೊಳ್ಳಬೇಕು: ಬೆಲ್ಲ, ಬಾಳೆಹಣ್ಣು, ಖರ್ಜೂರ. ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ ಅಪಾಯವಾಗಬಹುದು. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಜೊತೆಗಿರಲಿ. ನಲವತ್ತು ದಾಟಿದವರು, ಬಿಪಿ–ಶುಗರ್ ಇದ್ದವರು ಮೊದಲು ವೈದ್ಯರನ್ನು ಕಂಡೇ ಹೆಜ್ಜೆ ಇಡಬೇಕು. 30–32 ಕಿ.ಮೀ.ಗಳ ಅತಿ ಉದ್ದದ ಓಟ ಬರುವುದು ಮುಖ್ಯ ಓಟಕ್ಕೆ ಮೂರು ವಾರ ಮುಂಚೆ, ಹೆಚ್ಚುಕಡಿಮೆ ಎಳ್ಳ ಅಮಾವಾಸ್ಯೆಯ ಆಜುಬಾಜು. ಚರಗ ಚೆಲ್ಲಲು ಮಂದಿಯೆಲ್ಲ ಹೊಲದಲ್ಲಿರುವ ದಿನ ಅದು. ದಾರಿಯಲ್ಲಿ ಯಾರೂ ಹಸಿದು ಹೋಗಲು ಬಿಡುವುದಿಲ್ಲ.

ಓಟಕ್ಕಿಂತ ಕಷ್ಟದ ಕೆಲಸ ಕೇಳುವುದು. ‘ಒಂದು ಒಳ್ಳೆಯ ಕೆಲಸಕ್ಕೆ’ ಎಂದರೆ ಯಾರ ಕೈಯೂ ಏಳುವುದಿಲ್ಲ. ಯಾವ ಆಸ್ಪತ್ರೆ, ಯಾವ ವಾರ್ಡು, ಯಾವ ಖರ್ಚು ಎಂದು ನೇರವಾಗಿ ಹೇಳಬೇಕು. ಕಿಲೋಮೀಟರಿಗೆ ಹತ್ತು ರೂಪಾಯಿಯಂತೆ ಒಬ್ಬರು ಕೊಟ್ಟರೆ 420 ರೂಪಾಯಿ. ನೂರು ಮಂದಿ ಕೊಟ್ಟರೆ 42,000. ಕಿರಾಣಿ ಅಂಗಡಿಯವರಿಂದ ಹಿಡಿದು ಶಾಲೆಯ ಮೇಷ್ಟ್ರವರೆಗೆ ನೂರು ಮಂದಿ ಪರಿಚಯದವರು ನಮ್ಮಲ್ಲಿ ಯಾರಿಗಿಲ್ಲ? ಓಟದ ಶುಲ್ಕ, ಬೂಟು, ಪ್ರಯಾಣದ ಖರ್ಚನ್ನು ಓಡುವವರೇ ಹಾಕಿಕೊಳ್ಳಬೇಕು. ದಾನದಿಂದ ಒಂದು ರೂಪಾಯಿಯನ್ನೂ ಮುಟ್ಟಕೂಡದು.

ದುಡ್ಡು ಸ್ವಂತ ಖಾತೆಗೆ ಬರಲೇಬಾರದು. ಸರ್ಕಾರಿ ಆಸ್ಪತ್ರೆಯಾದರೆ ಅಲ್ಲಿನ ಆರೋಗ್ಯ ರಕ್ಷಾ ಸಮಿತಿಯನ್ನು ಮೊದಲೇ ಕಂಡು ಮಾತಾಡಿ, ಅದರ ರಸೀದಿಯನ್ನೇ ಕೊಡಿಸಬೇಕು. ಟ್ರಸ್ಟ್ ಆಸ್ಪತ್ರೆಯಾದರೆ 80ಜಿ ನೋಂದಣಿ ಇದೆಯೇ ನೋಡಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ದೊಡ್ಡ ಮೊತ್ತ ಕೊಡುವವರಿಗೆ ಬ್ಯಾಂಕಿನ ಮೂಲಕವೇ ಕಳಿಸಲು ಹೇಳಬೇಕು. ಓಡಿ ಬಂದ ವಾರದೊಳಗೆ, ಪೂರ್ತಿ ಓಡಿದರೂ ನಡುವೆ ನಿಂತರೂ, ಕೊಟ್ಟವರಿಗೆಲ್ಲ ಲೆಕ್ಕ ಮುಟ್ಟಬೇಕು.

ಮೊದಲ ತಂಡ ಆಸ್ಪತ್ರೆಯ ಒಳಗಿನಿಂದಲೇ ಹೊರಡಲಿ ಎಂದು ನಾನು ಬಯಸುತ್ತೇನೆ. ಕೊಪ್ಪಳದ ವೈದ್ಯಕೀಯ ವಿದ್ಯಾರ್ಥಿಗಳು, ನರ್ಸ್‌ಗಳು, ಆಂಬುಲೆನ್ಸ್ ಚಾಲಕರು, ಆಶಾ ಕಾರ್ಯಕರ್ತೆಯರು ವರಾಂಡದಲ್ಲಿ ಮಲಗಿದವರನ್ನು ದಿನಾ ದಾಟಿ ಹೋಗುವವರು. ಏನು ಬೇಕೆಂದು ಅವರಿಗೆ ಗೊತ್ತು, ಅವರು ಕೇಳಿದರೆ ಊರು ಇಲ್ಲ ಎನ್ನುವುದಿಲ್ಲ. ಮುಂಬೈಯ ಓಟಕ್ಕೆ ಹೆಸರು ಬರೆಸುವುದು ತಿಂಗಳುಗಳ ಮೊದಲೇ ಆಗುವುದರಿಂದ, ಮುಂಗಾರಿನ ಹೊತ್ತಿಗೇ ಹತ್ತು ಮಂದಿ ಕೂಡಿ ಆಸ್ಪತ್ರೆಯನ್ನೂ ಮೊತ್ತವನ್ನೂ ಗೊತ್ತುಮಾಡಿಕೊಂಡು, ಸಮಿತಿಗೆ ಒಂದು ಅರ್ಜಿ ಬರೆದುಕೊಡಲಿ.