ಗುಟ್ಟು ಬಿಟ್ಟುಕೊಡುವ ಗಾತ್ರ

ಮನೆಯ ವೈ-ಫೈ ಮೂಲಕ ಟಿ.ವಿ.ಗೆ ಹರಿದುಬರುವ ಚಲನಚಿತ್ರವು ಇಂದು ಸಾಮಾನ್ಯವಾಗಿ ಎರಡು ಪದರಗಳ ಗೂಢಲಿಪಿಯೊಳಗೆ ಇರುತ್ತದೆ. ವೀಡಿಯೊ ಒದಗಿಸುವ ಸಂಸ್ಥೆಯ ಸರ್ವರ್‌ನಿಂದ ನೋಡುಗರ ಉಪಕರಣದವರೆಗೆ ದಾರಿಯುದ್ದಕ್ಕೂ ದತ್ತಾಂಶವನ್ನು ಮರೆಮಾಡುವ ಎಚ್‌ಟಿಟಿಪಿಎಸ್ ಒಂದು ಪದರವಾದರೆ, ರೌಟರ್ ಮತ್ತು ಉಪಕರಣದ ನಡುವಣ ಕೆಲವೇ ಅಡಿಗಳ ರೇಡಿಯೊ ಹಾದಿಯನ್ನು ಕಾಯುವ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇನ್ನೊಂದು. ಈ ಎರಡರಲ್ಲಿ ಒಂದನ್ನೂ ಮುರಿಯದೆ, ವೈ-ಫೈ ಪಾಸ್‌ವರ್ಡ್ ಕೂಡ ಗೊತ್ತಿಲ್ಲದೆ, ಗೋಡೆಯಾಚೆ ಕುಳಿತವರು ಈ ಮನೆಯಲ್ಲಿ ಓಡುತ್ತಿರುವ ಚಿತ್ರ ಯಾವುದೆಂದು ಹೇಳಬಲ್ಲರು ಎಂಬುದನ್ನು 2007ರಿಂದೀಚಿನ ಹಲವು ಅಧ್ಯಯನಗಳು ತೋರಿಸಿಕೊಟ್ಟಿವೆ. ತಪ್ಪಿರುವುದು ಗೂಢಲಿಪಿಯಲ್ಲಲ್ಲ, ವೀಡಿಯೊವನ್ನು ಅಂತರಜಾಲದಲ್ಲಿ ಸಾಗಿಸಬಲ್ಲಷ್ಟು ಹಗುರಗೊಳಿಸಿದ ಸಂಕೋಚನ ತಂತ್ರವೇ ತನ್ನ ಜಾಣತನದ ಕಾರಣದಿಂದ ಗುಟ್ಟನ್ನು ಹೊರಗೆ ಹಾಕುತ್ತದೆ.

ವೈ-ಫೈಯಲ್ಲಿ ದತ್ತಾಂಶವು ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ಕಟ್ಟುಗಳಾಗಿ ಸಾಗುತ್ತದೆ. ಡಬ್ಲ್ಯುಪಿಎ2 ಬಳಸುವ ಎಇಎಸ್ ಎಂಬ ಗೂಢಲಿಪಿಯು ಪ್ಯಾಕೆಟ್ಟಿನ ಒಡಲಲ್ಲಿರುವ ಪ್ರತಿಯೊಂದು ಬಿಟ್ಟನ್ನೂ ಗುರುತು ಸಿಗದಂತೆ ಕಲಸಿಬಿಡುತ್ತದೆ, ಆದರೆ ಅದರ ವಿಧಾನ ಎಂಥದೆಂದರೆ ಒಳಗೆ ಹೋದಷ್ಟೇ ಬೈಟುಗಳು ಹೊರಗೆ ಬರುತ್ತವೆ. ಕ್ರಮಸಂಖ್ಯೆ ಮುಂತಾದವುಗಳಿಗಾಗಿ 8 ಬೈಟು, ನಡುವೆ ಯಾರೂ ತಿದ್ದಿಲ್ಲವೆಂಬ ಪರೀಕ್ಷೆಗಾಗಿ 8 ಬೈಟು, ಹೀಗೆ ಒಟ್ಟು 16 ಬೈಟು ಅದಕ್ಕೆ ಸೇರಿಕೊಳ್ಳುತ್ತವೆ, ಅಷ್ಟೆ. ಯಾವ ಪ್ಯಾಕೆಟ್ಟು ಯಾವ ಉಪಕರಣಕ್ಕೆ ಸೇರಿದ್ದು ಎಂಬ ವಿಳಾಸವನ್ನಂತೂ ಮುಚ್ಚುವಂತೆಯೇ ಇಲ್ಲ, ಏಕೆಂದರೆ ಅದು ಕಾಣದಿದ್ದರೆ ಉಪಕರಣಕ್ಕೆ ತನ್ನ ಪಾಲಿನದು ಯಾವುದೆಂದು ತಿಳಿಯುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪಿನ ವೈ-ಫೈ ಭಾಗವನ್ನು ಕೇವಲ ಆಲಿಸುವ ಸ್ಥಿತಿಗೆ ತಂದು ಕುಳಿತವರಿಗೆ, ಅಕ್ಷರವೊಂದೂ ಓದಲು ಬಾರದಿದ್ದರೂ, ಯಾವ ಕ್ಷಣದಲ್ಲಿ ಎಷ್ಟು ಬೈಟುಗಳು ಯಾವ ಉಪಕರಣಕ್ಕೆ ಹೋದವು ಎಂಬ ಪೂರ್ಣ ಲೆಕ್ಕ ಸಿಗುತ್ತದೆ. ಬಾಯಿ ಹೊಲಿದ ಮೂಟೆಯಲ್ಲಿರುವುದು ಹತ್ತಿಯೋ ಬೆಲ್ಲವೋ ಎಂಬುದು ಅದನ್ನು ಹೊತ್ತ ಹಮಾಲರ ಬೆನ್ನಿಗೆ ಗೊತ್ತಾಗುವ ಬಗೆಯ ತಿಳಿವಳಿಕೆ ಇದು. ಸಂದೇಶವನ್ನು ಓದದೆ ಅದರ ಸಂಚಾರವನ್ನಷ್ಟೇ ಗಮನಿಸಿ ಅರ್ಥ ಹೊರಡಿಸುವ ಈ ವಿದ್ಯೆ ಹಳೆಯದು; ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಗೂಢಲಿಪಿ ಒಡೆಯುವವರ ಪಕ್ಕದಲ್ಲೇ ಇದಕ್ಕಾಗಿಯೇ ಮೀಸಲಾದ ತಂಡವೂ ದುಡಿಯುತ್ತಿತ್ತು.

ಸಾಮಾನ್ಯ ಕಡತವೊಂದರ ಗಾತ್ರ ತಿಳಿದರೆ ಹೆಚ್ಚೇನೂ ತಿಳಿದಂತಾಗುವುದಿಲ್ಲ. ವೀಡಿಯೊದ ಮಾತು ಬೇರೆ, ಮತ್ತು ಅದು ಏಕೆ ಬೇರೆ ಎಂಬುದಕ್ಕೆ ಸಂಕೋಚನದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕಿಗಳಿರುವ ಚಿತ್ರದಲ್ಲಿ ಚುಕ್ಕಿಯೊಂದಕ್ಕೆ 24 ಬಿಟ್ಟಿನಂತೆ ಬಣ್ಣ ಬರೆದು, ಸೆಕೆಂಡಿಗೆ ಅಂಥ 25 ಚಿತ್ರಗಳನ್ನು ಕಳಿಸಬೇಕೆಂದರೆ ಪ್ರತಿ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್ಟುಗಳು ಬೇಕು. ಇಷ್ಟನ್ನು ಹೊರುವ ಸಂಪರ್ಕ ಹೆಚ್ಚಿನ ಮನೆಗಳಲ್ಲಿಲ್ಲ. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಮಾನಕವೂ ಅದರ ಅನಂತರದವುಗಳೂ ಈ ಹೊರೆಯನ್ನು ನೂರಾರು ಪಟ್ಟು ಇಳಿಸುತ್ತವೆ. ಆಗೊಮ್ಮೆ ಈಗೊಮ್ಮೆ ಮಾತ್ರ ಪೂರ್ಣ ಚಿತ್ರವೊಂದನ್ನು ಬರೆದು, ಉಳಿದ ಚಿತ್ರಗಳಲ್ಲಿ ಹಿಂದುಮುಂದಿನ ಚಿತ್ರಗಳಿಗಿಂತ ಏನು ಬದಲಾಯಿತೋ ಅಷ್ಟನ್ನೇ ಬರೆಯುವುದು ಅವುಗಳ ಮುಖ್ಯ ಉಪಾಯ. ತಾಳಮದ್ದಳೆಯ ಕೂಟವೊಂದನ್ನು ಒಂದೇ ಕಡೆ ನಿಲ್ಲಿಸಿದ ಕ್ಯಾಮೆರಾದಿಂದ ಚಿತ್ರಿಸಿದರೆ, ಕುಳಿತ ಅರ್ಥಧಾರಿಗಳ ಮುಖ ಮತ್ತು ಕೈಗಳ ಚಲನೆಯನ್ನು ಬಿಟ್ಟರೆ ಬದಲಾಗುವುದು ಬಹಳ ಕಡಿಮೆ, ಆದ್ದರಿಂದ ಬಿಟ್ಟುಗಳೂ ಕಡಿಮೆ. ಮಳೆಗಾಲದ ಜೋಗವನ್ನು ಚಿತ್ರಿಸಿದರೆ ನೀರಿನ ಪ್ರತಿ ಎಳೆಯೂ ಪ್ರತಿ ಕ್ಷಣ ಹೊಸದು, ಬಿಟ್ಟುಗಳ ಪ್ರವಾಹವೇ ಬೇಕಾಗುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲೂ ಇದೇ ನಿಯಮ: ಮಟ್ಟಸವಾಗಿ ಬಣ್ಣ ತುಂಬಿದ ಕಾರ್ಟೂನು ಅಗ್ಗ, ಗಣಕದಲ್ಲಿ ಹುಟ್ಟಿಸಿದ ಹೊಗೆ, ಧೂಳು, ಕಿಡಿಗಳು ದುಬಾರಿ. ದೃಶ್ಯ ಕತ್ತರಿಸಿ ಇನ್ನೊಂದು ದೃಶ್ಯಕ್ಕೆ ಹಾರಿದಾಗಲೆಲ್ಲ ಬಿಟ್ಟುಗಳ ಎಣಿಕೆ ಒಮ್ಮೆಲೇ ಏರುತ್ತದೆ. ಬೇಕಾದಾಗ ಹೆಚ್ಚು, ಬೇಡವಾದಾಗ ಕಡಿಮೆ ಬಿಟ್ಟು ಖರ್ಚುಮಾಡುವ ಈ ಪದ್ಧತಿಗೆ ಬದಲಾಗುವ ಬಿಟ್ ದರ ಎಂದು ಹೆಸರು. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಚಿತ್ರ ಕೊಡುವುದರಿಂದ ಹೆಚ್ಚಿನವರು ಇದನ್ನೇ ಬಳಸುತ್ತಾರೆ. ಅದರ ಫಲವಾಗಿ ಸಂಕಲನಕಾರರು ಕತ್ತರಿಸಿದ ಲಯವೇ ಬೈಟುಗಳ ಏರಿಳಿತವಾಗಿ ಕಡತದಲ್ಲಿ ಅಚ್ಚಾಗಿರುತ್ತದೆ, ಮತ್ತು ಗೂಢಲಿಪಿಯು ಗಾತ್ರವನ್ನು ಮುಟ್ಟದಿರುವುದರಿಂದ ಆ ಅಚ್ಚು ಗಾಳಿಯಲ್ಲೂ ಉಳಿಯುತ್ತದೆ.

ಈ ಸೋರಿಕೆಯನ್ನು ಗೃಹೋಪಯೋಗಿ ಉಪಕರಣವೊಂದರಲ್ಲಿ ಅಳೆದು ತೋರಿಸಿದ ಆರಂಭದ ಅಧ್ಯಯನ 2007ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಬಂತು. ಟಿ.ವಿ. ಕಾರ್ಯಕ್ರಮವನ್ನು ಗೂಢಲಿಪಿಯಲ್ಲಿ ಬೇರೊಂದು ಕಂಪ್ಯೂಟರಿಗೆ ಕಳಿಸುವ ಸ್ಲಿಂಗ್‌ಬಾಕ್ಸ್ ಪ್ರೊ ಎಂಬ ಉಪಕರಣವನ್ನು ಟಿ. ಸ್ಕಾಟ್ ಸಪೋನಾಸ್, ತಡಯೋಶಿ ಕೋನೊ ಮತ್ತು ಸಂಗಡಿಗರು ಪರೀಕ್ಷೆಗೆ ಎತ್ತಿಕೊಂಡು, 26 ಚಲನಚಿತ್ರಗಳ ಹರಿವಿನ ಏರಿಳಿತವನ್ನು ಮೊದಲೇ ದಾಖಲಿಸಿಟ್ಟುಕೊಂಡು, ಆಮೇಲೆ ಗುರುತಿಲ್ಲದ ಹರಿವನ್ನು ಅದರೊಂದಿಗೆ ಹೋಲಿಸಿದರು. ಹತ್ತು ನಿಮಿಷ ಆಲಿಸಿದಾಗ ಸರಾಸರಿ 62%, ನಲವತ್ತು ನಿಮಿಷ ಆಲಿಸಿದಾಗ 77% ಸಲ ಚಿತ್ರ ಯಾವುದೆಂದು ಸರಿಯಾಗಿ ಗುರುತಾಯಿತು. ಇಪ್ಪತ್ತಾರರಲ್ಲಿ ಒಂದನ್ನು ಕಣ್ಣುಮುಚ್ಚಿ ಊಹಿಸುವವರಿಗೆ 4% ಕೂಡ ದಕ್ಕುವುದಿಲ್ಲ.

ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ರೈಟ್ ಮತ್ತು ಸಂಗಡಿಗರು ಧ್ವನಿಯ ಕಡೆ ತಿರುಗಿದರು, ಮತ್ತು ಅವರು ಕಂಡದ್ದು ಇನ್ನಷ್ಟು ವಿಚಿತ್ರವಾಗಿತ್ತು. ಅಂತರಜಾಲದ ದೂರವಾಣಿ ಕರೆಯಲ್ಲಿ ಮಾತನ್ನು ಸೆಕೆಂಡಿನ ಐವತ್ತನೆಯ ಒಂದರಷ್ಟು ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಸಂಕೋಚಿಸಿ, ಗೂಢಲಿಪಿಯಲ್ಲಿ ಕಳಿಸುತ್ತಾರೆ. ಬದಲಾಗುವ ಬಿಟ್ ದರದ ಸಂಕೋಚಕವು ಸ್ವರಗಳಿಗೆ ಹೆಚ್ಚು ಬಿಟ್ಟುಗಳನ್ನೂ ‘ಸ’, ‘ಫ’ ಮುಂತಾದ ಉಸಿರಿನ ಸದ್ದುಗಳಿಗೆ ಕಡಿಮೆ ಬಿಟ್ಟುಗಳನ್ನೂ ಕೊಡುತ್ತದೆ. ಭಾಷೆಯಿಂದ ಭಾಷೆಗೆ ಸದ್ದುಗಳು ಒಂದರ ಹಿಂದೊಂದು ಬರುವ ಕ್ರಮ ಬೇರೆಯಾಗಿರುವುದರಿಂದ, ಗಾತ್ರಗಳ ಸಾಲನ್ನು ನೋಡಿಯೇ ಮಾತಾಡುತ್ತಿರುವ ಭಾಷೆ ಯಾವುದೆಂದು ಹೇಳಲು ಸಾಧ್ಯವಾಗುತ್ತದೆ. ಹಿಂದಿ ಮತ್ತು ತಮಿಳೂ ಸೇರಿದಂತೆ 21 ಭಾಷೆಗಳ ಮೇಲೆ ನಡೆದ ಈ ಪರೀಕ್ಷೆಯಲ್ಲಿ ಒಟ್ಟಾರೆ 66% ಸಲ ಉತ್ತರ ಸರಿಯಾಯಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ, ಆದರೆ ಮಾತು ಸ್ವರದಲ್ಲಿ ಮುಗಿಯುವುದೇ ವಾಡಿಕೆಯಾದ ಭಾಷೆಗೆ ಇಂಥ ವಿಧಾನದಿಂದ ತಪ್ಪಿಸಿಕೊಳ್ಳುವುದು ಸುಲಭವಾಗುತ್ತಿತ್ತೆಂದು ನಂಬಲು ಕಾರಣವಿಲ್ಲ. ಮರುವರ್ಷ ಅದೇ ತಂಡ ಕರೆಯೊಳಗೆ ನಿರ್ದಿಷ್ಟ ವಾಕ್ಯವೊಂದು ನುಡಿಯಲ್ಪಟ್ಟಿತೇ ಎಂಬುದನ್ನೇ ಹುಡುಕಿ, ಸರಾಸರಿ 50% ನಿಖರತೆಯನ್ನೂ ಕೆಲವು ವಾಕ್ಯಗಳಲ್ಲಿ 90% ಮೀರಿದ ನಿಖರತೆಯನ್ನೂ ಪಡೆಯಿತು.

ವೀಡಿಯೊ ಕೂಡ ಈ ನಡುವೆ ತುಣುಕುಗಳ ಹಾದಿ ಹಿಡಿಯಿತು. 2012ರಲ್ಲಿ ಪ್ರಕಟವಾದ ಡ್ಯಾಶ್ ಎಂಬ ಮಾನಕದ ಪ್ರಕಾರ ಚಿತ್ರವನ್ನು ಕೆಲವೇ ಸೆಕೆಂಡುಗಳ ಸಮಾನ ಅವಧಿಯ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿಟ್ಟಿರುತ್ತಾರೆ. ನೋಡುಗರ ಉಪಕರಣವು ಸಂಪರ್ಕದ ವೇಗಕ್ಕೆ ತಕ್ಕ ಗುಣಮಟ್ಟವನ್ನು ಆರಿಸಿ, ಒಂದು ತುಂಡು ತರಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೊಂದಕ್ಕೆ ಕೇಳುತ್ತದೆ. ಬಫರಿಂಗ್ ಎಂದು ಚಿತ್ರ ನಿಂತು ಕಾಡುವುದು ಕಡಿಮೆಯಾದದ್ದು ಬಹುಮಟ್ಟಿಗೆ ಇದರಿಂದ. ಆದರೆ ಆಲಿಸುವವರ ದೃಷ್ಟಿಯಿಂದ ಇದು ಹಿಂದಿನದಕ್ಕಿಂತ ಎಷ್ಟೋ ಅನುಕೂಲ, ಏಕೆಂದರೆ ತುಂಡು ತುಂಡಿನ ನಡುವೆ ಮೌನವಿರುವುದರಿಂದ ಪ್ರತಿ ತುಂಡಿನ ಗಾತ್ರ ಬಿಡಿಬಿಡಿಯಾಗಿ ಎದ್ದು ಕಾಣುತ್ತದೆ. ಅವಧಿ ಸಮಾನ, ಗಾತ್ರ ಮಾತ್ರ ಬೇರೆ ಬೇರೆ. ಆ ಗಾತ್ರಗಳ ಸಾಲೇ ಚಿತ್ರದ ಬೆರಳಚ್ಚು. ಲಕ್ಷಾಂತರ ಮಂದಿಗೆ ಹೋಗುವುದು ಒಮ್ಮೆ ಸಂಕೋಚಿಸಿಟ್ಟ ಅದೇ ಕಡತವಾದ್ದರಿಂದ, ಬೆರಳಚ್ಚು ಸಂಗ್ರಹಿಸಲು ಯಾರ ಮನೆಗೂ ಕನ್ನ ಹಾಕಬೇಕಾಗಿಲ್ಲ; ಚಂದಾ ಕಟ್ಟಿ ತಾವೇ ಒಮ್ಮೆ ಆ ಚಿತ್ರವನ್ನು ಓಡಿಸಿ ಬರೆದಿಟ್ಟುಕೊಂಡರೆ ಸಾಕು.

ಅಮೆರಿಕದ ಆಂಡ್ರ್ಯೂ ರೀಡ್ ಮತ್ತು ಬೆಂಜಮಿನ್ ಕ್ಲಿಮ್ಕೋವ್‌ಸ್ಕಿ 2016ರಲ್ಲಿ ಗೂಢಲಿಪಿಯಿರುವ ವೈ-ಫೈ ಸಂಪರ್ಕದಲ್ಲಿಯೇ ಡ್ಯಾಶ್ ವೀಡಿಯೊಗಳನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ಮರುವರ್ಷ ರೀಡ್ ಮತ್ತು ಮೈಕಲ್ ಕ್ರ್ಯಾಂಚ್, ನೆಟ್‌ಫ್ಲಿಕ್ಸ್ ಆಗಷ್ಟೇ ತನ್ನ ವೀಡಿಯೊಗಳಿಗೆ ಎಚ್‌ಟಿಟಿಪಿಎಸ್ ರಕ್ಷಣೆ ಒದಗಿಸಿದ್ದ ಸಂದರ್ಭದಲ್ಲಿ, ಅದರ 42,027 ವೀಡಿಯೊಗಳ ಬೆರಳಚ್ಚುಗಳನ್ನು ಕಲೆಹಾಕಿದರು. ಇಪ್ಪತ್ತು ನಿಮಿಷಗಳ 200 ಹರಿವುಗಳನ್ನು ಮನಬಂದಂತೆ ಆರಿಸಿ ಪರೀಕ್ಷಿಸಿದಾಗ 99.5% ಗುರುತಾದವು, ಅವುಗಳಲ್ಲಿ ಬಹುಪಾಲಿಗೆ ಎರಡೂವರೆ ನಿಮಿಷವೂ ಬೇಕಾಗಲಿಲ್ಲ. ಅದೇ 2017ರಲ್ಲಿ ರೋಯಿ ಶುಸ್ಟರ್, ವಿಟಾಲಿ ಶ್ಮಾಟಿಕೋವ್ ಮತ್ತು ಎರಾನ್ ಟ್ರೋಮರ್ ಯೂಟ್ಯೂಬ್, ಅಮೆಜಾನ್, ವಿಮಿಯೊಗಳಿಗೂ ಈ ಮಾತು ಅನ್ವಯಿಸುತ್ತದೆಂದು ನ್ಯೂರಲ್ ನೆಟ್‌ವರ್ಕ್ ಮೂಲಕ ತೋರಿಸಿದ್ದಲ್ಲದೆ, ಹತ್ತಿರ ಕುಳಿತು ಆಲಿಸುವ ಅಗತ್ಯವೂ ಇಲ್ಲವೆಂದು ಸಾಬೀತುಪಡಿಸಿದರು: ಮನೆಯ ಒಂದು ಕಂಪ್ಯೂಟರಿನಲ್ಲಿ ತೆರೆದ ಜಾಲಪುಟದೊಳಗಿನ ಜಾಹೀರಾತಿನ ಕಿರು ಪ್ರೋಗ್ರಾಮು ಸಂಪರ್ಕವನ್ನು ಬೇಕೆಂದೇ ತುಂಬಿಸಿ, ತನ್ನ ಪ್ಯಾಕೆಟ್ಟುಗಳಿಗೆ ಆಗುವ ವಿಳಂಬವನ್ನು ಅಳೆದು, ಅದೇ ಮನೆಯ ಬೇರೊಂದು ಪರದೆಯಲ್ಲಿ ಓಡುತ್ತಿರುವ ವೀಡಿಯೊವನ್ನು ಕಂಡುಹಿಡಿಯಬಲ್ಲದು. ಈ ಸಂಖ್ಯೆಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಬೆರಳಚ್ಚು ಸಂಗ್ರಹದಲ್ಲಿ ಇಲ್ಲದ ವೀಡಿಯೊವನ್ನು ಯಾರೂ ಹೆಸರಿಸಲಾರರು, ಮತ್ತು ಒಂದೇ ರೌಟರಿನಡಿ ನಾಲ್ಕಾರು ಮಂದಿ ಏನೇನೋ ನೋಡುತ್ತಿರುವಾಗ, ರೇಡಿಯೊ ಅಡಚಣೆಯಿಂದ ಪ್ಯಾಕೆಟ್ಟುಗಳನ್ನು ಮತ್ತೆ ಕಳಿಸಬೇಕಾಗುತ್ತಿರುವಾಗ, ಪ್ರಯೋಗಾಲಯದ ಸ್ಪಷ್ಟತೆ ಸಿಗುವುದಿಲ್ಲ.

ಮನರಂಜನೆಯ ವಿಷಯದಲ್ಲಿ ಇದನ್ನೆಲ್ಲ ಲಘುವಾಗಿ ಪರಿಗಣಿಸಬಹುದೇನೋ. ಮನೆಬಾಗಿಲಿನ ಕ್ಯಾಮೆರಾದ ವಿಷಯದಲ್ಲಿ ಹಾಗೆನ್ನಲಾಗದು. ಚೀನಾ ಮತ್ತು ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಗೃಹಭದ್ರತಾ ಕ್ಯಾಮೆರಾ ಸೇವೆಯೊಂದರ ದತ್ತಾಂಶವನ್ನು ಪರಿಶೀಲಿಸಿ, ಕ್ಯಾಮೆರಾದ ಮುಂದೆ ಚಲನೆ ಕಂಡಾಗ ಹರಿವು ಏರುವುದರಿಂದ, ವೀಡಿಯೊ ನೋಡದೆಯೇ ಮನೆಯಲ್ಲಿ ಜನ ಯಾವಾಗ ಇರುತ್ತಾರೆ ಎಂಬುದನ್ನು ಅಂದಾಜಿಸಬಹುದೆಂದು ತೋರಿಸಿದರು. ಕಳ್ಳರಿಂದ ಕಾಯಲು ಕೂರಿಸಿದ ಕಣ್ಣೇ ಮನೆ ಖಾಲಿಯಿರುವ ಹೊತ್ತನ್ನು ಸಾರುವುದೆಂದರೆ ಅದು ಸಣ್ಣ ಸೋರಿಕೆಯಲ್ಲ.

ಪರಿಹಾರ ಹೇಳುವುದು ಸುಲಭ: ಪ್ರತಿ ಕ್ಷಣವೂ ಅಷ್ಟೇ ಗಾತ್ರ ಹೋಗುವಂತೆ, ಕೊರತೆ ಬಿದ್ದಲ್ಲೆಲ್ಲ ಅರ್ಥವಿಲ್ಲದ ಬೈಟುಗಳನ್ನು ತುಂಬಿ ಕಳಿಸಬೇಕು. ಸೆಕೆಂಡಿಗೆ ಸರಾಸರಿ 3 ಮೆಗಾಬಿಟ್ ಸಾಕಾಗುವ ಚಿತ್ರದ ಅತಿ ಭಾರದ ದೃಶ್ಯಕ್ಕೆ 9 ಮೆಗಾಬಿಟ್ ಬೇಕೆಂದಿಟ್ಟುಕೊಂಡರೆ, ಚಿತ್ರದುದ್ದಕ್ಕೂ 9ರಂತೆಯೇ ಕಳಿಸಬೇಕಾಗುತ್ತದೆ. ಮೊಬೈಲ್ ಡೇಟಾ ಮೂರುಪಟ್ಟು ಕರಗುತ್ತದೆ, ಸಂಕೋಚನದಿಂದ ಗಳಿಸಿದ್ದರಲ್ಲಿ ದೊಡ್ಡ ಪಾಲು ಗುಟ್ಟು ಕಾಯಲು ಹೋಗುತ್ತದೆ. ಅರ್ಧಂಬರ್ಧ ತುಂಬಿ ಉಳಿತಾಯ ಮಾಡುವ ಉಪಾಯಗಳೂ ಇವೆ, ಆದರೆ ಕೆವಿನ್ ಡೈಯರ್ ಮತ್ತು ಸಂಗಡಿಗರು 2012ರಲ್ಲಿ ಜಾಲತಾಣಗಳ ಸಂದರ್ಭದಲ್ಲಿ ಅಂಥ ಒಂಬತ್ತು ಉಪಾಯಗಳನ್ನು ಪರೀಕ್ಷಿಸಿ, ಒಟ್ಟು ಗಾತ್ರ ಮತ್ತು ಒಟ್ಟು ಸಮಯದಂಥ ಒರಟು ಲಕ್ಷಣಗಳೇ ಅವುಗಳನ್ನು ಸೋಲಿಸುತ್ತವೆಂದು ಕಂಡರು. ವಿಪಿಎನ್ ಹಾಕಿಕೊಂಡರೆ ಪ್ಯಾಕೆಟ್ಟುಗಳು ಯಾವ ಸಂಸ್ಥೆಯಿಂದ ಬರುತ್ತಿವೆ ಎಂಬುದು ಮರೆಯಾಗುತ್ತದೆಯೇ ಹೊರತು ಅವುಗಳ ಲಯ ಮರೆಯಾಗುವುದಿಲ್ಲ.

ಧ್ವನಿಯ ಹೊರೆ ವೀಡಿಯೊದಷ್ಟಿಲ್ಲವಾದ್ದರಿಂದ ಅಲ್ಲಿ ರಾಜಿ ಸಾಧ್ಯವಾಯಿತು. ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಮೊದಲೇ ಧ್ವನಿಮುದ್ರಿಸಿಟ್ಟ ಘೋಷಣೆಗಳಂಥ ಸುಲಭವಾಗಿ ಗುರುತಾಗುವ ಮಾತಿಗೆ ಬದಲಾಗುವ ಬಿಟ್ ದರ ಬಳಸಬಾರದೆಂದು ಸಲಹೆ ಮಾಡಿತು. ಅದೇ ವರ್ಷ ಬಂದ ಓಪಸ್ ಎಂಬ ಧ್ವನಿ ಸಂಕೋಚಕದಲ್ಲಿ ಬೇಕೆಂದರೆ ಬಿಟ್ ದರವನ್ನು ಸ್ಥಿರವಾಗಿಡುವ ಅವಕಾಶವಿದೆ. ಅಕ್ಷರಗಳ ಹೊರೆ ಅದಕ್ಕಿಂತಲೂ ಕಡಿಮೆ. ಪ್ರಶ್ನೆಗೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸೇವೆಗಳು ಪದದ ತುಣುಕನ್ನು ಒಂದೊಂದೇ ಪ್ಯಾಕೆಟ್ಟಿನಲ್ಲಿ ಕಳಿಸುತ್ತಿದ್ದಾಗ, ಆ ಗಾತ್ರಗಳಿಂದಲೇ 55% ಉತ್ತರಗಳ ವಿಷಯವನ್ನು ಊಹಿಸಬಹುದೆಂದೂ 29% ಉತ್ತರಗಳನ್ನು ಪುನಃ ಕಟ್ಟಬಹುದೆಂದೂ ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಪ್ರಕಟಿಸಿತು. ಕ್ಲೌಡ್‌ಫ್ಲೇರ್‌ನಂಥ ಸಂಸ್ಥೆಗಳು ಕೂಡಲೇ ಪ್ಯಾಕೆಟ್ಟುಗಳಿಗೆ ಯಾದೃಚ್ಛಿಕ ಉದ್ದದ ಭರ್ತಿ ಸೇರಿಸಿದವು. ಉತ್ತರವೊಂದಕ್ಕೆ ಒಂದಿಷ್ಟು ಬೈಟು ಹೆಚ್ಚಾದರೆ ಯಾರ ಗಮನಕ್ಕೂ ಬರುವುದಿಲ್ಲ. ವೀಡಿಯೊದಲ್ಲಿ ಅದೇ ಭರ್ತಿಯು ಗಂಟೆಗೆ ಗಿಗಾಬೈಟುಗಳ ಲೆಕ್ಕಕ್ಕೆ ಬರುವುದರಿಂದ, ಅದರ ಖರ್ಚನ್ನು ಸಂಸ್ಥೆ ಭರಿಸಬೇಕೋ ನೋಡುಗರ ಡೇಟಾ ಪ್ಯಾಕ್ ಭರಿಸಬೇಕೋ ಎಂಬುದು ತೀರ್ಮಾನವಾಗುವವರೆಗೆ ಹರಿವಿನ ಏರಿಳಿತಕ್ಕೆ ಯಾರೂ ಕೈಹಾಕುವ ಸಂಭವ ಕಡಿಮೆ.