ಹಬ್ಬಗಳೂ ಚಂದ್ರನ ನಡೆಯೂ

ಕಾಸರಗೋಡಿನ ಸೀಮೆಯಲ್ಲಿ ೨೦೨೪ರ ಏಪ್ರಿಲ್ ೯ರಂದು ಯುಗಾದಿ, ೧೦ರಂದು ಈದುಲ್ ಫಿತ್ರ್, ೧೪ರಂದು ತುಳುವರು ಬಿಸು ಎನ್ನುವ ವಿಷು ಒಂದೇ ವಾರದೊಳಗೆ ಒದಗಿದುವು. ಮರುವರ್ಷ ಯುಗಾದಿ ಮಾರ್ಚ್ ೩೦ಕ್ಕೂ ಈದ್ ೩೧ಕ್ಕೂ ಸರಿದುವು. ವಿಷುವಾದರೋ ಏಪ್ರಿಲ್ ೧೪ರಲ್ಲಿಯೇ ನಿಂತಿತು. ಇದೇಕೆಂದು ಮಕ್ಕಳು ಕೇಳುವುದುಂಟು.

ವಿಷುವು ಸೌರಮಾನದ ಹಬ್ಬ. ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವುದೇ ಅದಕ್ಕೆ ಆಧಾರ. ಮಿಕ್ಕೆರಡೂ ಚಂದ್ರನನ್ನು ಅನುಸರಿಸುತ್ತವೆ. ಅಮಾವಾಸ್ಯೆ ಕಳೆದೊಡನೆ ಚೈತ್ರ ಶುದ್ಧ ಪ್ರತಿಪದೆಯು ಯುಗಾದಿ. ಬಾಲಚಂದ್ರನು ಕಣ್ಣಿಗೆ ಬಿದ್ದ ಮೇಲೆ ಶವ್ವಾಲ್ ತಿಂಗಳ ಮೊದಲ ದಿನ ಈದ್. ಎರಡೂ ಅಕ್ಕಪಕ್ಕದಲ್ಲಿ ಬಂದುದು ಇದರಿಂದಲೇ.

ಆದರೆ ಈ ಜೊತೆಯು ಬಹುಕಾಲ ನಿಲ್ಲದು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು ೩೫೪ ದಿನಗಳು. ಸೂರ್ಯನ ವರ್ಷಕ್ಕಿಂತ ಹನ್ನೊಂದು ಕಡಮೆ. ಹಿಂದೂ ಪಂಚಾಂಗವು ಈ ಕೊರತೆಯನ್ನು ಸುಮಾರು ಮೂರು ವರ್ಷಗಳಿಗೊಮ್ಮೆ ಅಧಿಕಮಾಸವನ್ನಿಟ್ಟು ತುಂಬುತ್ತದೆ. ೨೦೨೬ರಲ್ಲಿ ಅಧಿಕ ಜ್ಯೇಷ್ಠವಿರುವುದರಿಂದ ೨೦೨೭ರ ಯುಗಾದಿಯು ಏಪ್ರಿಲ್ ೭ಕ್ಕೆ ಹಿಂದಿರುಗುತ್ತದೆ. ಈದ್ ಮಾರ್ಚ್ ೧೦ರ ಸುಮಾರಿಗೆ. (ಕ್ರೈಸ್ತರ ಈಸ್ಟರ್ ಹಬ್ಬವೂ ವಸಂತದ ಹುಣ್ಣಿಮೆಯ ಬಳಿಕದ ಭಾನುವಾರವೇ, ಅದರ ಲೆಕ್ಕವೇ ಬೇರೊಂದು ಲೇಖನಕ್ಕೆ ಸಾಕು.)

ಹಿಜರಿ ಗಣನೆಯಲ್ಲಿ ಅಧಿಕಮಾಸವಿಲ್ಲ. ಆದಕಾರಣ ರಂಜಾನ್ ತಿಂಗಳು ಸುಮಾರು ೩೩ ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ೨೦೨೪ ಮತ್ತು ೨೦೨೫ರ ಮಾರ್ಚ್ ತಿಂಗಳ ಸೆಕೆಯಲ್ಲಿ, ನಸುಕಿನಿಂದ ನೀರನ್ನೂ ಮುಟ್ಟದೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದವರು ಎಷ್ಟೋ ಮಂದಿ. ಪಕ್ಕದ ಬೆಂಚಿನವರು ಅದನ್ನು ಬಲ್ಲರು. ೨೦೩೦ರಲ್ಲಿ ಉಪವಾಸವು ಜನವರಿಯ ಕಿರುಹಗಲುಗಳಲ್ಲಿ ಬರುವುದು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಇನ್ನೊಂದು ರಂಜಾನ್ ತೊಡಗುವುದು.