ಲಿವರ್‌ಗೆ ಕೊಬ್ಬು ತುಂಬುವುದು ಎಣ್ಣೆಯೋ, ಸಿಹಿಯೋ?

ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬಂದ ದಿನವೇ ಮನೆಯಲ್ಲಿ ಎಲ್ಲರ ಕಣ್ಣು ಎಣ್ಣೆ ಡಬ್ಬಿಯ ಮೇಲೆ ಬೀಳುತ್ತದೆ. ಬೋಂಡ, ಹಪ್ಪಳ ಬಂದ್. ದೋಸೆಗೆ ತುಪ್ಪ ಇಲ್ಲ. ಬೆಳಗಿನಿಂದ ಸಂಜೆವರೆಗಿನ ಸಕ್ಕರೆ ಕಾಫಿ, ಅದರಲ್ಲಿ ಅದ್ದಿ ತಿನ್ನುವ ಬಿಸ್ಕತ್ತು, ಬಿಸಿಲಿಗೆಂದು ಕುಡಿಯುವ ತಂಪು ಪಾನೀಯ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇತ್ತ ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಂದು ಸಂದೇಶ ಓಡಾಡುತ್ತಿರುತ್ತದೆ: ‘ಅಮೆರಿಕದವರು ಜೋಳದಿಂದ ತೆಗೆದ ಕಾರ್ನ್ ಸಿರಪ್ ಲಿವರನ್ನು ತಿಂದುಹಾಕುತ್ತದೆ, ಎಲ್ಲರಿಗೂ ಕಳಿಸಿ.’ ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಆ ನಿಜದ ಮೂಲ ಎಣ್ಣೆಯಲ್ಲೂ ಇಲ್ಲ, ಜೋಳದಲ್ಲೂ ಇಲ್ಲ. ಅದು ಫ್ರಕ್ಟೋಸ್ ಎಂಬ ಸಕ್ಕರೆಯಲ್ಲಿದೆ.

ತಪ್ಪು ಕಲ್ಪನೆ: ಲಿವರ್‌ನಲ್ಲಿ ಸೇರುವ ಕೊಬ್ಬು ನಾವು ತಿಂದ ಎಣ್ಣೆ, ತುಪ್ಪದ್ದೇ

ಸತ್ಯ: ಅದರಲ್ಲಿ ಊಟದ ಜಿಡ್ಡಿನ ಪಾಲು ಚಿಕ್ಕದು. 2005ರಲ್ಲಿ ಅಮೆರಿಕದ ಸಂಶೋಧಕರು ಫ್ಯಾಟಿ ಲಿವರ್ ಇದ್ದ ಕೆಲವು ರೋಗಿಗಳ ಕೊಬ್ಬಿಗೆ ಗುರುತು ಹಚ್ಚಿ, ಅದು ಎಲ್ಲಿಂದ ಬಂತೆಂದು ಹಿಂಬಾಲಿಸಿದರು. ಸುಮಾರು ಶೇ 59ರಷ್ಟು ಬಂದದ್ದು ಮೈಯ ಕೊಬ್ಬಿನ ಸಂಗ್ರಹ ಕರಗಿ ರಕ್ತಕ್ಕಿಳಿದ ಕೊಬ್ಬಿನಾಮ್ಲಗಳಿಂದ. ಶೇ 26ರಷ್ಟನ್ನು ಲಿವರ್ ತಾನೇ ಹೊಸದಾಗಿ ತಯಾರಿಸಿತ್ತು. ಆಹಾರದ ಜಿಡ್ಡಿನಿಂದ ನೇರವಾಗಿ ಬಂದದ್ದು ಶೇ 15 ಮಾತ್ರ. ಅಧ್ಯಯನ ಸಣ್ಣದೇ, ಆದರೂ ಈ ವಿಷಯದಲ್ಲಿ ಇಂದಿಗೂ ಎಲ್ಲರೂ ನೆನೆಯುವ ಲೆಕ್ಕ ಇದು. ಹಾಗೆಂದು ಬೋಂಡಕ್ಕೆ ಕ್ಷಮಾದಾನ ಸಿಕ್ಕಿತೆಂದು ತಿಳಿಯಬೇಡಿ. ಮೈಯಲ್ಲಿ ಕೊಬ್ಬಿನ ಸಂಗ್ರಹ ಬೆಳೆಸುವುದರಲ್ಲಿ ಕರಿದ ತಿಂಡಿಗೂ ಪಾಲಿದೆ. ಗಮನಿಸಬೇಕಾದದ್ದು ಆ ಶೇ 26ನ್ನು: ಆರೋಗ್ಯವಂತರಲ್ಲಿ ಬಹಳ ಕಡಿಮೆ ಇರುವ ಈ ತಯಾರಿಕೆ ಇವರಲ್ಲಿ ಇಷ್ಟೊಂದು ಏರಿದ್ದು ಹೇಗೆ? ಲಿವರ್‌ಗೆ ಅದರ ಕಚ್ಚಾ ಸಾಮಗ್ರಿ ಎಲ್ಲಿಂದ ಬರುತ್ತದೆ?

ತಪ್ಪು ಕಲ್ಪನೆ: ಸಕ್ಕರೆ ಯಾವುದಾದರೇನು, ಕ್ಯಾಲೊರಿ ಒಂದೇ ತಾನೆ?

ಸತ್ಯ: ಕ್ಯಾಲೊರಿ ಒಂದೇ, ದಾರಿ ಬೇರೆ. ಗ್ಲೂಕೋಸನ್ನು ಮಿದುಳು, ಸ್ನಾಯು, ರಕ್ತಕಣ ಎಲ್ಲವೂ ಹಂಚಿಕೊಂಡು ಬಳಸುತ್ತವೆ. ಲಿವರ್ ಪಾಲಿಗೆ ಬರುವುದು ಒಂದಂಶ. ಹಾಗೆ ಬಂದದ್ದಕ್ಕೂ ಅಲ್ಲಿ ಕಾವಲಿದೆ. ಫಾಸ್ಫೊಫ್ರಕ್ಟೊಕೈನೇಸ್ ಎಂಬ ಕಿಣ್ವ ಕೆರೆಯ ತೂಬಿನಂತೆ ಕೆಲಸ ಮಾಡುತ್ತದೆ. ಜೀವಕೋಶದಲ್ಲಿ ಶಕ್ತಿ ಸಾಕಷ್ಟಿದ್ದರೆ ತೂಬು ಮುಚ್ಚುತ್ತದೆ, ಉಳಿದ ಗ್ಲೂಕೋಸ್ ಗ್ಲೈಕೊಜೆನ್ ಆಗಿ ದಾಸ್ತಾನಾಗುತ್ತದೆ.

ಫ್ರಕ್ಟೋಸ್ ಈ ತೂಬಿನ ಹತ್ತಿರವೇ ಸುಳಿಯುವುದಿಲ್ಲ. ಅದನ್ನು ಹಿಡಿಯುವ ಕಿಣ್ವ ಬೇರೆ, ಕೀಟೊಹೆಕ್ಸೊಕೈನೇಸ್. ‘ಇನ್ನು ಸಾಕು’ ಎಂದು ಅದಕ್ಕೆ ಹೇಳುವವರಿಲ್ಲ. ಬಂದಷ್ಟು ಫ್ರಕ್ಟೋಸಿಗೂ ಫಾಸ್ಫೇಟ್ ಅಂಟಿಸಿ ತೂಬಿನಾಚೆಯ ಕಾಲುವೆಗೆ ಬಿಡುತ್ತಲೇ ಇರುತ್ತದೆ. ಅಲ್ಲಿಂದ ಮುಂದೆ ಅದರ ತುಣುಕುಗಳು ಅಸಿಟೈಲ್ ಕೋ-ಎ ಆಗಿ, ಬಳಿಕ ಮ್ಯಾಲೊನಿಲ್ ಕೋ-ಎ ಆಗಿ, ಕೊನೆಗೆ ಪಾಮಿಟಿಕ್ ಆಮ್ಲವೆಂಬ ಕೊಬ್ಬಾಗುತ್ತವೆ. ಈ ಮ್ಯಾಲೊನಿಲ್ ಕೋ-ಎ ಮಾಡುವ ಇನ್ನೊಂದು ಕೆಲಸವೇ ಹೆಚ್ಚು ತೊಂದರೆಯದ್ದು: ಕೊಬ್ಬಿನಾಮ್ಲಗಳು ಉರಿಯಲೆಂದು ಜೀವಕೋಶದ ಒಲೆಯಾದ ಮೈಟೊಕಾಂಡ್ರಿಯಾದೊಳಗೆ ಹೋಗುವ ಬಾಗಿಲನ್ನು ಅದು ಅಡ್ಡಗಟ್ಟುತ್ತದೆ. ಹೊಸ ಕೊಬ್ಬು ತಯಾರಾಗುತ್ತಿರುವಾಗಲೇ ಹಳೆಯದು ಉರಿಯದೆ ಉಳಿಯುತ್ತದೆ. ಹೀಗೆ ಕೂಡಿದ ಕೊಬ್ಬು ಟ್ರೈಗ್ಲಿಸರೈಡ್ ರೂಪದಲ್ಲಿ ಒಂದಿಷ್ಟು ರಕ್ತಕ್ಕೆ ಸೇರುತ್ತದೆ, ಒಂದಿಷ್ಟು ಲಿವರ್‌ನಲ್ಲೇ ನಿಲ್ಲುತ್ತದೆ. ಫಾಸ್ಫೇಟ್ ಅಂಟಿಸುವ ಭರದಲ್ಲಿ ಖರ್ಚಾದ ಎಟಿಪಿಯ (ಜೀವಕೋಶದ ಶಕ್ತಿಯ ನಾಣ್ಯ) ಒಂದು ಭಾಗ ಯೂರಿಕ್ ಆಮ್ಲವಾಗಿ ಹೊರಬೀಳುವುದರಿಂದ ಸಿಹಿ ಪಾನೀಯಕ್ಕೂ ಕೀಲುನೋವಿನ ಗೌಟ್‌ಗೂ ನಂಟಿದೆ.

ಇದು ಪುಸ್ತಕದ ಬದನೆಕಾಯಿಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಕಿಂಬರ್ ಸ್ಟ್ಯಾನ್‌ಹೋಪ್ ಮತ್ತು ಸಂಗಡಿಗರು ತೂಕ ಹೆಚ್ಚಿದ್ದವರನ್ನು ಎರಡು ಗುಂಪು ಮಾಡಿ 10 ವಾರ ಸಿಹಿ ಪಾನೀಯ ಕೊಟ್ಟರು: ಒಂದಕ್ಕೆ ಗ್ಲೂಕೋಸಿನದು, ಇನ್ನೊಂದಕ್ಕೆ ಫ್ರಕ್ಟೋಸಿನದು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ತೂಕ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಏರಿತ್ತು. ಆದರೆ ಕರುಳಿನ ಸುತ್ತಲಿನ ಕೊಬ್ಬು, ಲಿವರ್‌ನ ಕೊಬ್ಬು ತಯಾರಿಕೆ, ಇನ್ಸುಲಿನ್‌ಗೆ ಮೈ ಓಗೊಡದಿರುವುದು, ಇವು ಬಲವಾಗಿ ಕಂಡದ್ದು ಫ್ರಕ್ಟೋಸ್ ಗುಂಪಿನಲ್ಲಿ. 2021ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಬಂದ ಅಧ್ಯಯನ ಇನ್ನೂ ಕುತೂಹಲದ್ದು. ಅದರಲ್ಲಿದ್ದ 94 ಯುವಕರು ತೆಳ್ಳಗಿನವರು, ಆರೋಗ್ಯವಂತರು. ದಿನಕ್ಕೆ 80 ಗ್ರಾಂ ಫ್ರಕ್ಟೋಸನ್ನೋ ಮಾಮೂಲಿ ಸಕ್ಕರೆಯನ್ನೋ ಪಾನೀಯದಲ್ಲಿ ಏಳು ವಾರ ಕುಡಿದವರಲ್ಲಿ ಲಿವರ್‌ನ ಕೊಬ್ಬು ತಯಾರಿಕೆ ಎರಡು ಪಟ್ಟಾಯಿತು. ಅಷ್ಟೇ ಗ್ಲೂಕೋಸ್ ಕುಡಿದವರಲ್ಲಿ ಹಾಗಾಗಲಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಇಲಿಗಳಿಗೆ ಆಹಾರದ ಅರ್ಧಕ್ಕಿಂತ ಹೆಚ್ಚು ಫ್ರಕ್ಟೋಸ್ ತಿನ್ನಿಸಿ ಪಡೆದ ಭಯಾನಕ ಚಿತ್ರಗಳನ್ನು ಮನುಷ್ಯರಿಗೆ ಅನ್ವಯಿಸಲಾಗದು. ಹಾಗೆ ತಿನ್ನುವವರು ಯಾರೂ ಇಲ್ಲ. ಕೆನಡಾದ ಟೊರೊಂಟೊ ಸಂಶೋಧಕರು ಮನುಷ್ಯರ ಮೇಲಿನ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ 2014ರಲ್ಲಿ ಹೇಳಿದ್ದು: ಬೇರೆ ಕಾರ್ಬೊಹೈಡ್ರೇಟನ್ನು ಕಡಿಮೆ ಮಾಡಿ ಅದರ ಬದಲು ಅಷ್ಟೇ ಕ್ಯಾಲೊರಿಯ ಫ್ರಕ್ಟೋಸ್ ಕೊಟ್ಟರೆ ಲಿವರ್ ಕೊಬ್ಬು ಎದ್ದು ಕಾಣುವಂತೆ ಏರುವುದಿಲ್ಲ, ಮಾಮೂಲಿ ಊಟದ ಮೇಲೆ ಹೆಚ್ಚುವರಿಯಾಗಿ ಸುರಿದಾಗ ಏರುತ್ತದೆ. ಊಟದ ಮೇಲೆ ಹೆಚ್ಚುವರಿ ಸುರಿಯುವ ಕೆಲಸಕ್ಕೆ ಸಿಹಿ ಪಾನೀಯಕ್ಕಿಂತ ಸುಲಭದ ಸಾಧನ ಬೇರಿಲ್ಲ.

ತಪ್ಪು ಕಲ್ಪನೆ: ಕಾರ್ನ್ ಸಿರಪ್ ವಿಷ, ನಮ್ಮ ಕಬ್ಬಿನ ಸಕ್ಕರೆ ಪರವಾಗಿಲ್ಲ

ಸತ್ಯ: ಇಲ್ಲಿ ಸ್ವಲ್ಪ ಇತಿಹಾಸ ಬೇಕು. ಮುಸುಕಿನ ಜೋಳದ ಪಿಷ್ಟವನ್ನು ಒಡೆದರೆ ಸಿಗುವುದು ಗ್ಲೂಕೋಸ್. ಅದರಲ್ಲಿ ಒಂದು ಭಾಗವನ್ನು ಕಿಣ್ವದಿಂದ ಫ್ರಕ್ಟೋಸ್ ಮಾಡುವ ವಿಧಾನ 1960ರ ದಶಕದಲ್ಲಿ ಕಾರ್ಖಾನೆಗೆ ಬಂತು. ಅಮೆರಿಕದಲ್ಲಿ ಜೋಳ ಅಗ್ಗ, ಆಮದು ಸಕ್ಕರೆಗೆ ಕಟ್ಟುಪಾಡು. 1984ರ ಹೊತ್ತಿಗೆ ಅಲ್ಲಿನ ಕೋಲಾ ಕಂಪನಿಗಳು ಸಕ್ಕರೆ ಬಿಟ್ಟು ಈ ‘ಹೈ ಫ್ರಕ್ಟೋಸ್ ಕಾರ್ನ್ ಸಿರಪ್’ ಹಿಡಿದವು. ಪಾನೀಯಕ್ಕೆ ಬಳಸುವ ಸಿರಪ್ಪಿನ ಸಕ್ಕರೆ ಅಂಶದಲ್ಲಿ ಶೇ 55 ಫ್ರಕ್ಟೋಸ್. ಬೇಕರಿ ತಿನಿಸಿಗೆ ಬಳಸುವುದರಲ್ಲಿ ಶೇ 42. ನಮ್ಮ ಡಬ್ಬಿಯ ಸಕ್ಕರೆಯಲ್ಲಿ? ಶೇ 50. ಅದು ಗ್ಲೂಕೋಸ್, ಫ್ರಕ್ಟೋಸ್ ಒಂದಕ್ಕೊಂದು ಅಂಟಿದ ಜೋಡಿ. ಕರುಳಿನಲ್ಲಿ ಕ್ಷಣಮಾತ್ರದಲ್ಲಿ ಬಿಡಿಯಾಗುತ್ತದೆ. ಹೆಸರಿನಲ್ಲಿ ‘ಹೈ’ ಇರುವುದು ಬರೀ ಜೋಳದ ಸಿರಪ್ಪಿಗೆ ಹೋಲಿಸಿದರೆ ಹೆಚ್ಚು ಎಂಬ ಅರ್ಥದಲ್ಲಿ, ಸಕ್ಕರೆಗೆ ಹೋಲಿಸಿ ಅಲ್ಲ. ಅಮೆರಿಕದಲ್ಲಿ ಈ ಸಿರಪ್ಪಿನ ಬಳಕೆ 1999ರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗಿತು, ಬೊಜ್ಜು ಮಾತ್ರ ಏರುತ್ತಲೇ ಹೋಯಿತು.

ಭಾರತದಲ್ಲಿ ಈ ಹೈ ಫ್ರಕ್ಟೋಸ್ ಸಿರಪ್ ಬಳಕೆ ಅಪರೂಪ, ಕಬ್ಬು ಹೇರಳವಾಗಿದೆಯಲ್ಲ. ಆದರೆ ಯಾವುದೇ ಬಿಸ್ಕತ್ತು ಪೊಟ್ಟಣದ ಹಿಂಬದಿ ನೋಡಿ, ‘ಇನ್ವರ್ಟ್ ಸಿರಪ್’ ಎಂಬ ಹೆಸರು ಸಿಗುವ ಸಾಧ್ಯತೆ ಹೆಚ್ಚು. ಅದೇನು ಪರದೇಶಿ ರಾಸಾಯನಿಕವೆಂದು ಹೆದರಬೇಡಿ. ಜಾಮೂನಿನ ಪಾಕ ಹರಳುಗಟ್ಟಬಾರದೆಂದು ನಾವು ನಿಂಬೆಹಣ್ಣು ಹಿಂಡುತ್ತೇವಲ್ಲ, ಅದೇ ಕೆಲಸ. ಹುಳಿ ಮತ್ತು ಬಿಸಿ ಸೇರಿ ಸಕ್ಕರೆಯ ಜೋಡಿ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಬೇರೆಯಾಗುತ್ತವೆ, ಪಾಕ ನಯವಾಗಿ ಉಳಿಯುತ್ತದೆ. ಕಾರ್ಖಾನೆ ಅದನ್ನೇ ಪೀಪಾಯಿಗಟ್ಟಲೆ ಮಾಡುತ್ತದೆ. ಅಂದರೆ ಅಮೆರಿಕದ ಸಿರಪ್ಪಿಗೂ ನಮ್ಮ ಪಾಕಕ್ಕೂ ಲಿವರ್ ಎಣಿಸುವಷ್ಟು ಭೇದವಿಲ್ಲ.

ತಪ್ಪು ಕಲ್ಪನೆ: ಬೆಲ್ಲ, ಜೇನು ನೈಸರ್ಗಿಕ, ಎಷ್ಟಾದರೂ ತಿನ್ನಬಹುದು

ಸತ್ಯ: ಮಂಡ್ಯದ ಅಚ್ಚು ಬೆಲ್ಲದ ರುಚಿಗೆ ಸಾಟಿಯಿಲ್ಲ, ಒಪ್ಪಿದೆ. ಆದರೆ ಬೆಲ್ಲದ ಬಹುಪಾಲು ಅದೇ ಸಕ್ಕರೆ. ಜೇನಿನಲ್ಲಿ ಫ್ರಕ್ಟೋಸ್ ಶೇ 38ರ ಆಸುಪಾಸು, ಗ್ಲೂಕೋಸಿಗಿಂತಲೂ ಹೆಚ್ಚು. ಬೆಳಗ್ಗೆ ಬಿಸಿನೀರಿಗೆ ಜೇನು ಬೆರೆಸಿ ಕುಡಿದರೆ ಲಿವರ್ ಕೊಬ್ಬು ಕರಗುತ್ತದೆಂಬುದು ಶುದ್ಧ ಕಟ್ಟುಕತೆ.

ತಪ್ಪು ಕಲ್ಪನೆ: ಫ್ರಕ್ಟೋಸಿನ ಗ್ಲೈಸೆಮಿಕ್ ಸೂಚ್ಯಂಕ ಕಡಿಮೆ, ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು

ಸತ್ಯ: ಸೂಚ್ಯಂಕ ಕಡಿಮೆಯೇ. ಆ ಸೂಚ್ಯಂಕ ಅಳೆಯುವುದು ರಕ್ತದ ಗ್ಲೂಕೋಸನ್ನು. ಫ್ರಕ್ಟೋಸ್ ಅಲ್ಲಿ ಕಾಣಿಸಿಕೊಳ್ಳದೆ ನೇರ ಲಿವರ್ ಸೇರುತ್ತದೆ. ರಕ್ತದ ಗ್ಲೂಕೋಸನ್ನಷ್ಟೇ ನೋಡಿ ಒಂದು ಕಾಲದಲ್ಲಿ ಮಧುಮೇಹಿಗಳಿಗೆಂದೇ ಫ್ರಕ್ಟೋಸ್ ಮಾರುತ್ತಿದ್ದರು.

ತಪ್ಪು ಕಲ್ಪನೆ: ಹಾಗಾದರೆ ಹಣ್ಣೂ ಬಿಡಬೇಕು

ಸತ್ಯ: ಬೇಡವೇ ಬೇಡ. ಹಣ್ಣಿನ ನಾರು, ನೀರು, ಅಗಿಯುವ ಶ್ರಮ ಎಲ್ಲ ಸೇರಿ ಫ್ರಕ್ಟೋಸನ್ನು ನಿಧಾನವಾಗಿ ಒಳಬಿಡುತ್ತವೆ. ಇಲಿಗಳಲ್ಲಿ ನಡೆದ 2018ರ ಪ್ರಿನ್ಸ್‌ಟನ್ ಅಧ್ಯಯನ ತೋರಿಸಿದಂತೆ, ಸ್ವಲ್ಪಸ್ವಲ್ಪವಾಗಿ ಬಂದ ಫ್ರಕ್ಟೋಸನ್ನು ಸಣ್ಣ ಕರುಳೇ ಬಹುಮಟ್ಟಿಗೆ ಗ್ಲೂಕೋಸಾಗಿ ಬದಲಿಸಿಬಿಡುತ್ತದೆ. ಒಮ್ಮೆಲೇ ಹೆಚ್ಚು ಸುರಿದಾಗ ಉಕ್ಕಿ ಲಿವರ್‌ಗೆ ಹೋಗುತ್ತದೆ. ಒಂದು ಮೂಸಂಬಿ ಸುಲಿದು ತಿನ್ನುವುದಕ್ಕೂ ಮೂರು ನಾಲ್ಕನ್ನು ಹಿಂಡಿ ಒಂದೇ ಲೋಟದಲ್ಲಿ ಗಟಗಟ ಕುಡಿಯುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಪೊಟ್ಟಣದ ರಸದ ಮಾತು ಕೇಳಲೇಬೇಡಿ. ರಸದ ಸಾರಕ್ಕೆ ನೀರು ಬೆರೆಸಿ ಮಾರುವವರು ‘ಶೇ 100 ಹಣ್ಣಿನ ರಸ’ ಎಂದು ಬರೆಯುವುದನ್ನು ನಿಲ್ಲಿಸಬೇಕೆಂದು 2024ರ ಜೂನ್‌ನಲ್ಲಿ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಬೇಕಾಯಿತು.

ತಪ್ಪು ಕಲ್ಪನೆ: ಕುಡಿಯದವರಿಗೆ ಲಿವರ್ ಕಾಯಿಲೆ ಬರುವುದಿಲ್ಲ, ಬಂದರೆ ಹೋಗುವುದಿಲ್ಲ

ಸತ್ಯ: ಎರಡೂ ಸುಳ್ಳು. ಮದ್ಯ ಮುಟ್ಟದವರ ಲಿವರ್‌ನಲ್ಲೂ ಕುಡುಕರಲ್ಲಿ ಕಾಣುವಂಥದ್ದೇ ಉರಿಯೂತವನ್ನು 1980ರಲ್ಲೇ ಮೇಯೊ ಕ್ಲಿನಿಕ್ಕಿನ ವೈದ್ಯರು ವಿವರಿಸಿದ್ದರು. ಇನ್ನು ಹೋಗುವ ವಿಷಯ. ಅಮೆರಿಕದಲ್ಲಿ ಬೊಜ್ಜಿದ್ದ 41 ಮಕ್ಕಳ ಊಟದಲ್ಲಿ ಕ್ಯಾಲೊರಿ ಕಡಿಮೆ ಮಾಡದೆ, ಸಕ್ಕರೆಯ ಜಾಗಕ್ಕೆ ಪಿಷ್ಟದ ತಿನಿಸು ಕೊಟ್ಟು, ಫ್ರಕ್ಟೋಸನ್ನಷ್ಟೇ ಇಳಿಸಿದರು. ಒಂಬತ್ತು ದಿನಕ್ಕೆ ಲಿವರ್ ಕೊಬ್ಬಿನ ಮಧ್ಯಮ ಪ್ರಮಾಣ ಶೇ 7.2ರಿಂದ 3.8ಕ್ಕೆ ಇಳಿಯಿತು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲವೆಂಬ ಕೊರತೆ ಅದಕ್ಕಿದೆ. ಗಟ್ಟಿಯಾಗಿ ಕಲೆಗಟ್ಟಿದ ಲಿವರ್ ಹೀಗೆ ಬೇಗ ಮರಳದು ಎಂಬುದನ್ನೂ ಮರೆಯಬಾರದು. ಆದರೆ ಗ್ರೇಡ್ 1 ಎಂದು ಬಂದವರಿಗೆ ಇದು ಧೈರ್ಯದ ಸುದ್ದಿ.

ಬೆರೆಸಿದ ಸಕ್ಕರೆ, ಜೇನು, ರಸದ ಸಿಹಿ ಎಲ್ಲ ಸೇರಿ ದಿನಕ್ಕೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 300 ಮಿಲಿಯ ಒಂದು ಕೋಲಾದಲ್ಲೇ 30 ಗ್ರಾಂ ದಾಟಿರುತ್ತದೆ. ಅಂಗಡಿಯಲ್ಲಿ ಪೊಟ್ಟಣ ಕೈಗೆತ್ತಿಕೊಂಡಾಗ ಮುಂಭಾಗದ ಹಣ್ಣಿನ ಚಿತ್ರ ಬಿಡಿ, ತಿರುಗಿಸಿ ‘ಆ್ಯಡೆಡ್ ಶುಗರ್ಸ್’ ಎಂಬ ಸಾಲನ್ನು ಓದಿ. ಸಕ್ಕರೆ, ಇನ್ವರ್ಟ್ ಸಿರಪ್, ಜೇನು ಎಂದು ಪದಾರ್ಥಗಳ ಪಟ್ಟಿಯಲ್ಲಿ ಬೇರೆಬೇರೆ ಕಡೆ ಚದುರಿದ ಹೆಸರುಗಳೆಲ್ಲ ಆ ಒಂದು ಸಾಲಿನಲ್ಲಿ ಒಟ್ಟಾಗಿ ಸಿಗುತ್ತವೆ.